ಫೆರೆಟ್ ಸೀನಿತು

ಬೇಟೆನಾಯಿಗಳ ಮೇಲೆ ಇಂಗ್ಲೆಂಡಿನವರಿಗೆ ಅಷ್ಟೊಂದು ಮಮತೆ ಇಲ್ಲದಿದ್ದರೆ ಮನುಷ್ಯರ ಫ್ಲೂ ವೈರಸ್ ಸಿಗುವುದು ಇನ್ನೂ ತಡವಾಗುತ್ತಿತ್ತೇನೋ. 1920ರ ದಶಕದಲ್ಲಿ ಅಲ್ಲಿ ಡಿಸ್ಟೆಂಪರ್ ರೋಗ ನಾಯಿಗಳನ್ನು ಕಾಡುತ್ತಿತ್ತು. 'ದಿ ಫೀಲ್ಡ್' ಎಂಬ ಪತ್ರಿಕೆ ಚಂದಾ ಎತ್ತಿ ಸಂಶೋಧನೆಗೆ ದುಡ್ಡು ಹೊಂದಿಸಿತು. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೈಡ್ಲಾ ಮತ್ತು ಡಂಕಿನ್ ಆ ಕೆಲಸ ಹಿಡಿದರು. ನಾಯಿಯ ಜೊತೆಗೆ ಅವರಿಗೆ ಒದಗಿಬಂದದ್ದು ಫೆರೆಟ್, ನಮ್ಮ ಮುಂಗುಸಿಯಂತೆ ಉದ್ದ ಮೈಯ ಪುಟ್ಟ ಪ್ರಾಣಿ.

ಇತ್ತ ಫ್ಲೂ ಯಾವುದರಿಂದ ಬರುತ್ತದೆಂಬ ಜಗಳ ಮುಗಿದಿರಲಿಲ್ಲ. 1918ರ ಮಹಾಮಾರಿ ಕೋಟ್ಯಂತರ ಜನರನ್ನು ಕೊಂದಾಗಲೂ ಹಲವು ವೈದ್ಯರು ಫೈಫರ್ ಎಂಬಾತ ಗುರುತಿಸಿದ್ದ ಬ್ಯಾಕ್ಟೀರಿಯಾದ ಮೇಲೇ ತಪ್ಪು ಹೊರಿಸಿದ್ದರು.

1933ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಫ್ಲೂ ಹಬ್ಬಿತು. ಲೈಡ್ಲಾ ಅವರ ಸಹೋದ್ಯೋಗಿ ಕ್ರಿಸ್ಟೋಫರ್ ಆ್ಯಂಡ್ರೂಸ್ ಸಹ ಹಾಸಿಗೆ ಹಿಡಿದರು. ಇನ್ನೊಬ್ಬ ಸಹೋದ್ಯೋಗಿ ವಿಲ್ಸನ್ ಸ್ಮಿತ್, ಆ್ಯಂಡ್ರೂಸ್ ಬಾಯಿ ಮುಕ್ಕಳಿಸಿದ ನೀರು ಪಡೆದು, ಬ್ಯಾಕ್ಟೀರಿಯಾ ದಾಟದಂಥ ಸೂಕ್ಷ್ಮ ಜರಡಿಯಲ್ಲಿ ಸೋಸಿ, ಫೆರೆಟ್‌ಗಳ ಮೂಗಿಗೆ ಹನಿ ಹಾಕಿದರು. ಬೇರೆ ಪ್ರಾಣಿಗಳ ಮೇಲಿನ ಪ್ರಯತ್ನ ಫಲಿಸಿರಲಿಲ್ಲ. ಫೆರೆಟ್‌ಗಳಿಗೆ ಮಾತ್ರ ಎರಡು ದಿನದಲ್ಲಿ ಜ್ವರ ಏರಿತು, ಮೂಗು ಸೋರಿತು, ಸೀನು ಶುರುವಾಯಿತು. ಲೈಡ್ಲಾ ಸೇರಿ ಮೂವರೂ ಅದೇ ವರ್ಷ 'ಲ್ಯಾನ್ಸೆಟ್'ನಲ್ಲಿ ಬರೆದರು.

ನನಗೆ ಈ ಕತೆಯಲ್ಲಿ ಹೆಚ್ಚು ಹಿಡಿಸುವುದು ಸೋಸಿದ ನೀರಲ್ಲ, ಪಂಜರ. ಕಾಯಿಲೆಯ ಫೆರೆಟ್ ಜೊತೆಗಿಟ್ಟ ಆರೋಗ್ಯವಂತ ಫೆರೆಟ್‌ಗೂ ಸೋಂಕು ತಗುಲುತ್ತಿತ್ತು. ಆದ್ದರಿಂದ ಅವನ್ನು ಬೇರೆ ಬೇರೆ ಇಟ್ಟು, ಕೆಲಸದವರು ರಬ್ಬರ್ ಬೂಟು ತೊಟ್ಟು, ಲೈಸಾಲ್ ಎಂಬ ಸೋಂಕುನಾಶಕದಿಂದ ತೊಳೆದುಕೊಂಡು ಓಡಾಡಬೇಕಿತ್ತು. ಆದರೂ ಮುಂದೊಮ್ಮೆ ಪರೀಕ್ಷಿಸುತ್ತಿದ್ದ ಸಂಶೋಧಕರೊಬ್ಬರ ಮುಖಕ್ಕೇ ಫೆರೆಟ್ ಸೀನಿತು. ಎರಡು ದಿನದೊಳಗೆ ಅವರಿಗೂ ಫ್ಲೂ! ಅವರ ಗಂಟಲಿನಲ್ಲಿ ಅದೇ ವೈರಸ್ ಸಿಕ್ಕಿತು.

ಸೀನುವಾಗ ಮೊಣಕೈ ಅಡ್ಡ ಹಿಡಿಯುವುದು, ಸೋಪಿನಿಂದ ಕೈ ತೊಳೆಯುವುದು, ಜ್ವರವಿದ್ದಾಗ ಮಕ್ಕಳನ್ನು ಶಾಲೆಗೆ ಕಳಿಸದಿರುವುದು, ಕಿಟಕಿ ತೆರೆದಿಡುವುದು, ಎಲ್ಲವೂ ಆ ಪಂಜರದ ನಿಯಮಗಳ ಮನೆಬಳಕೆಯ ರೂಪವೇ. ಗುಣವಾದ ಫೆರೆಟ್‌ಗೆ ಅದೇ ವೈರಸ್ ಮತ್ತೆ ಹತ್ತಲಿಲ್ಲ ಎಂಬುದು ಲಸಿಕೆಯ ಆಸೆ ಹುಟ್ಟಿಸಿತು. ಆದರೆ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ, ಉತ್ತರ ಗೋಳಾರ್ಧಕ್ಕೊಮ್ಮೆ ದಕ್ಷಿಣಕ್ಕೊಮ್ಮೆ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಆ ತಳಿಗಳನ್ನು ಹೋಲಿಸಿ ನೋಡಲು ಇಂದಿಗೂ ಫೆರೆಟ್‌ಗಳ ರಕ್ತದ್ರವವನ್ನೇ ಬಳಸುತ್ತಾರೆ.