ನಾಯಿ ಬೆರಳಿಗೆ ಗಾಯ ಆಗೇತಿ? ಮನೆಯಾಗ ಏನ್ ಮಾಡಬೇಕು, ದವಾಖಾನಿಗೆ ಯಾವಾಗ ಒಯ್ಯಬೇಕು

ಜಮಖಂಡಿ: ಕಬ್ಬಿನ ಕಟಾವು ಶುರುವಾಯ್ತು ಅಂದ್ರೆ ಹೊಲಕ್ಕೆ ಹೋದ ನಾಯಿ ಕುಂಟುತ್ತಾ ಮನೆಗೆ ಬರೋದು ನಮ್ಮ ಕಡೆ ಮಾಮೂಲು. ಓರೆಯಾಗಿ ಕಡಿದ ಕಬ್ಬಿನ ಕೂಳೆ ಚೂರಿಯಷ್ಟೇ ಹರಿತ. ರವದಿ ಮುಚ್ಚಿದ್ದರಿಂದ ಅದು ನಾಯಿಗೆ ಕಾಣೋದಿಲ್ಲ. ಬದುವಿನ ಮೇಲೆ ಜಾಲಿ ಮುಳ್ಳು, ನೆಗ್ಗಿನ ಮುಳ್ಳು. ಪ್ಯಾಟಿಯೊಳಗೆ ಒಡೆದ ಬಾಟಲಿ ಚೂರು, ಟ್ರ್ಯಾಕ್ಟರ್ ಗಾಲಿ. ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಬೀದಿಗೆ ಬಿದ್ದ ನೂಲಿನ ಎಳೆ ಕೂಡ ಬೆರಳಿಗೆ ಸುತ್ತಿಕೊಂಡ್ರೆ ರಕ್ತ ಓಡಾಟ ನಿಲ್ಲಿಸಿಬಿಡುತ್ತೆ.

"ಬೆರಳಿಗೆ ತಾನೇ ಆಗಿದ್ದು, ನೆಕ್ಕಿ ನೆಕ್ಕಿ ತಾನೇ ವಾಸಿ ಮಾಡ್ಕೋತೈತಿ" ಅಂತ ಬಿಡುವವರು ಬಹಳ ಮಂದಿ. ಇನ್ನು ಕೆಲವರು ಪಾಪ ಅಂತ ಮನೆಯಲ್ಲಿರೋ ನೋವಿನ ಗುಳಿಗೆಯನ್ನ ರೊಟ್ಟಿಯೊಳಗಿಟ್ಟು ತಿನ್ನಿಸ್ತಾರೆ. ಸುಮ್ಮನೆ ಬಿಟ್ರೆ ಬೆರಳು ಹೋಗಬಹುದು. ಗುಳಿಗೆ ಕೊಟ್ರೆ ನಾಯಿನೇ ಹೋಗಬಹುದು. ಸಣ್ಣ ಗಾಯಕ್ಕೆ ಮನೆ ಆರೈಕೆ ಸಾಕು. ಆದರೆ ಅದನ್ನ ಸರಿಯಾಗಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದೂ ಗೊತ್ತಿರಬೇಕು.

ಬೆರಳು ಸಣ್ಣದು, ಕೆಲಸ ದೊಡ್ಡದು

ನಾಯಿ ನಮ್ಮ ಹಾಗೆ ಪಾದ ಊರಿ ನಡೆಯೋದಿಲ್ಲ, ಬೆರಳ ಮೇಲೆ ನಡೆಯುತ್ತೆ. ಒಂದೊಂದು ಪಾದದಲ್ಲಿ ನೆಲ ಮುಟ್ಟೋ ಬೆರಳು ನಾಲ್ಕು. ಅದರಲ್ಲಿ ನಡುವಿನ ಎರಡರ ಮೇಲೆ ಹೆಚ್ಚು ಭಾರ ಬೀಳುತ್ತೆ. ಮುಂಗಾಲಿನ ಒಳಬದಿ ಮೇಲಕ್ಕೆ ಇನ್ನೊಂದು ಸಣ್ಣ ಬೆರಳು ಇರುತ್ತೆ. ಅದು ನೆಲಕ್ಕೆ ತಾಗೋದಿಲ್ಲ, ಆದರೆ ಅದರ ಉಗುರು ಬೇಲಿಗೆ, ಅರಿಬಿಗೆ ಸಿಕ್ಕಿ ಕಿತ್ತು ಬರೋದು ಜಾಸ್ತಿ.

ಮುಧೋಳ ನಾಯಿ ಸಾಕಿದವರಿಗೆ ಈ ಮಾತು ಇನ್ನೂ ಮುಖ್ಯ. ಮುಧೋಳ ಸಂಸ್ಥಾನದ ಘೋರ್ಪಡೆ ರಾಜರ ಕಾಲದಿಂದ ಹೆಸರು ಮಾಡಿದ ತಳಿ ಇದು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋಯ್ತು. ಹೆಸರು ಬಂದಿದ್ದೇ ಓಟದಿಂದ. ಈ ತಳಿಗೆ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಜೋರಾಗಿ ಓಡಿ ಒಮ್ಮೆಲೇ ತಿರುಗುವಾಗ ಪೂರ್ತಿ ಭಾರ ಬೆರಳ ಮೇಲೆ ಬೀಳೋದರಿಂದ ಉಗುರು ಸೀಳೋದು, ಬೆರಳಿನ ಕೀಲು ತಪ್ಪೋದು ಆಗ್ತದೆ. ಮರಿ ಮಾರಿ ಸಂಸಾರ ನಡೆಸೋ ಮನೆಗಳಲ್ಲಿ ನಾಯಿ ಕಾಲು ಕುಂಟಾದ್ರೆ ನಷ್ಟ ನೇರವಾಗಿ ಮನೆಗೇ ಬರುತ್ತೆ.

ಮೊದಲು ಬಾಯಿ, ಆಮೇಲೆ ಕಾಲು

ಎಷ್ಟೇ ಸಾಧು ನಾಯಿ ಇರಲಿ, ನೋವಿದ್ದಾಗ ಕಚ್ಚುತ್ತೆ. ಮೆತ್ತನೆಯ ಉದ್ದ ಬಟ್ಟೆ ಪಟ್ಟಿ ತಗೊಂಡು ಮೂತಿಗೆ ಸುತ್ತಿ, ಗದ್ದದ ಕೆಳಗೆ ಒಂದು ಗಂಟು ಹಾಕಿ, ಎರಡೂ ತುದಿ ಕಿವಿ ಹಿಂದೆ ಒಯ್ದು ಕಟ್ರಿ. ಐದ್ಹತ್ತು ನಿಮಿಷದೊಳಗೆ ಬಿಚ್ಚಬೇಕು. ಏದುಸಿರು ಬಿಡ್ತಿದ್ರೆ ಅಥವಾ ವಾಂತಿ ಮಾಡ್ತಿದ್ರೆ ಬಾಯಿ ಕಟ್ಟಲೇಬಾರದು. ಒಬ್ಬರು ತಲೆ ಹಿಡಿದು ಮಾತಾಡಿಸ್ತಾ ಇರಲಿ, ಇನ್ನೊಬ್ಬರು ಕಾಲು ನೋಡಲಿ. ಸಣ್ಣ ಹುಡುಗರನ್ನ ದೂರ ಇಡ್ರಿ.

ಒಂದು ವೇಳೆ ಕಚ್ಚಿದ್ರೆ, ಮನೆ ನಾಯಿನೇ ಆಗಿರಲಿ, ಗಾಯವನ್ನ ಸೋಪು ಹಚ್ಚಿ ಹರಿಯೋ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಹುಚ್ಚುನಾಯಿ ರೋಗದ ಲಸಿಕೆ ಯಾವ ದಿನ ಎಷ್ಟು ಅನ್ನೋದನ್ನ ವೈದ್ಯರು ಹೇಳ್ತಾರೆ. ನಡುವೆ ಬಿಡಬ್ಯಾಡ್ರಿ.

ರಕ್ತ ನಿಲ್ಲಿಸೋದು ಹೀಗೆ

ನಾಯಿ ಉಗುರಿನ ಒಳಗೆ ರಕ್ತನಾಳ ಮತ್ತು ನರ ಇರುತ್ತೆ. ಅದಕ್ಕೇ ಉಗುರು ಮುರಿದ್ರೆ ಮನೆ ತುಂಬಾ ರಕ್ತ ಆಗುತ್ತೆ, ನೋವೂ ವಿಪರೀತ. ಗಾಬರಿ ಆಗಬ್ಯಾಡ್ರಿ. ಶುದ್ಧವಾದ ಹತ್ತಿ ಬಟ್ಟೆ ಇಟ್ಟು 5ರಿಂದ 10 ನಿಮಿಷ ಒತ್ತಿ ಹಿಡೀರಿ. ನಿಂತಿದೆಯಾ ಅಂತ ನಡುನಡುವೆ ತೆಗೆದು ನೋಡಿದ್ರೆ ಹೆಪ್ಪುಗಟ್ಟಿದ ರಕ್ತ ಕಿತ್ತು ಮತ್ತೆ ಸುರಿಯುತ್ತೆ. ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದು ಇಡ್ರಿ.

ಉಗುರಿನ ತುದಿ ಮಾತ್ರ ಮುರಿದು ರಕ್ತ ಬರ್ತಿದ್ರೆ ಮೆಕ್ಕೆಜೋಳದ ಅಥವಾ ಗೋಧಿ ಹಿಟ್ಟನ್ನ ತುದಿಗೆ ಒತ್ತಬಹುದು. ಚರ್ಮ ಸೀಳಿದ ಗಾಯಕ್ಕೆ ಮಾತ್ರ ಹಿಟ್ಟು ತುಂಬಬಾರದು. 15 ನಿಮಿಷ ಒತ್ತಿದ್ರೂ ರಕ್ತ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ದವಾಖಾನೆಗೆ ಹೊರಡ್ರಿ. ಬೆರಳ ಬುಡಕ್ಕೆ ದಾರ ಅಥವಾ ರಬ್ಬರ್ ಬಿಗಿದು ಕಟ್ಟಬಾರದು. ಮರೆತು ಬಿಟ್ರೆ ಬೆರಳು ಕಪ್ಪಾಗಿ ಸಾಯುತ್ತೆ.

ತೊಳೆದು, ಬೆಳಕಿನಲ್ಲಿ ನೋಡ್ರಿ

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ, ಉಗುರುಬೆಚ್ಚಗೆ ಇರುವಾಗ ಗಾಯದ ಮೇಲೆ ಸುರೀರಿ. ಬೆರಳ ಸಂದುಗಳನ್ನ ಬಿಡಿಸಿ ಮೊಬೈಲ್ ಟಾರ್ಚ್ ಹಾಕಿ ನೋಡ್ರಿ. ಮುಳ್ಳು, ಗಾಜು, ಹುಲ್ಲಿನ ಚೂಪು ಕಡ್ಡಿ, ನೂಲು ಹೆಚ್ಚಾಗಿ ಅಲ್ಲೇ ಅಡಗಿರುತ್ತೆ. ಮೇಲೆ ಕಾಣೋ ಮುಳ್ಳನ್ನ ಚಿಮಟಿಗೆಯಿಂದ ನೇರವಾಗಿ ಎಳೀರಿ. ಆಳಕ್ಕೆ ಹೋಗಿದ್ರೆ ಸೂಜಿ ಹಾಕಿ ಕೆದಕಬ್ಯಾಡ್ರಿ. ಜೋತಾಡೋ ಉಗುರನ್ನೂ ಕೈಯಿಂದ ಕೀಳಬಾರದು, ಅದನ್ನ ಮರಗಟ್ಟಿಸಿ ತೆಗೀಬೇಕು.

ಆಮೇಲೆ ಮೆಡಿಕಲ್‌ನಲ್ಲಿ ಸಿಗೋ ಪೊವಿಡೋನ್ ಅಯೋಡಿನ್ ದ್ರಾವಣವನ್ನ ನೀರಿಗೆ ಹಾಕಿ, ಹಾಲಿಲ್ಲದ ತಿಳಿ ಚಹಾದ ಬಣ್ಣಕ್ಕೆ ತಂದು ಗಾಯ ಒರೆಸ್ರಿ. ಒಣ ಬಟ್ಟೆಯಿಂದ ಸಂದು ಸಂದು ಒಣಗಿಸ್ರಿ. ದಿನಕ್ಕೆ ಎರಡು ಸಲ ಇಷ್ಟು ಮಾಡಿದ್ರೆ ಸಣ್ಣ ಗಾಯಕ್ಕೆ ಸಾಕು.

ಇವನ್ನ ಹಚ್ಚಬ್ಯಾಡ್ರಿ

ಸುಣ್ಣ ಮಾಂಸ ಸುಡುತ್ತೆ. ಡೆಟಾಲ್, ಫಿನಾಯಿಲ್ ಕೂಡ ಸುಡುತ್ತೆ, ನೆಕ್ಕಿದ್ರೆ ನಾಲಿಗೆ ಮೇಲೆ ಹುಣ್ಣಾಗುತ್ತೆ. ಸೀಮೆಎಣ್ಣೆ, ಪೆಟ್ರೋಲ್, ಗಾಡಿಯ ಹಳೇ ಆಯಿಲ್, ತಂಬಾಕು ಯಾವುದೂ ಔಷಧ ಅಲ್ಲ. ಅರಿಷಿಣವನ್ನ ಎಣ್ಣೆಯಲ್ಲಿ ಕಲಸಿ ಮೆತ್ತೋದು ನಮ್ಮಲ್ಲಿ ರೂಢಿ. ಆದರೆ ತೆರೆದ ಗಾಯದ ಮೇಲೆ ಆ ಮುದ್ದೆಗೆ ಮಣ್ಣು ಅಂಟುತ್ತೆ, ಒಳಗೆ ಕೀವು ಆದ್ರೂ ಕಾಣೋದಿಲ್ಲ. ಮನುಷ್ಯರ ಮುಲಾಮುಗಳಲ್ಲಿ ಸತು ಇರೋವು, ನೋವಿಗೆ ಹಚ್ಚೋವು ನೆಕ್ಕಿದ್ರೆ ವಿಷ ಆಗಬಹುದು. ನಾಯಿ ಕಾಲಿಗೆ ಹಚ್ಚಿದ್ದೆಲ್ಲಾ ಅದರ ಹೊಟ್ಟೆಗೆ ಹೋಗುತ್ತೆ ಅಂತ ಲೆಕ್ಕ ಇಟ್ಕೊಳ್ರಿ.

ನೋವಿನ ಗುಳಿಗೆ: ಮೆಡಿಕಲ್ ಅಂಗಡಿಯವರೂ ಓದ್ರಿ

"ನಾಯಿಗೆ ನೋವೈತಿ, ಒಂದು ಗುಳಿಗಿ ಕೊಡ್ರಿ" ಅಂತ ಯಾರಾದ್ರೂ ಕೌಂಟರ್‌ಗೆ ಬಂದ್ರೆ ದಯವಿಟ್ಟು ಮನುಷ್ಯರ ಗುಳಿಗೆ ಕೊಡಬ್ಯಾಡ್ರಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಹುದು, ಕಿಡ್ನಿ ಕೆಡಿಸಬಹುದು. ಪ್ಯಾರಾಸಿಟಮಾಲ್ ಲಿವರ್‌ಗೆ, ರಕ್ತಕ್ಕೆ ಹೊಡೆತ ಕೊಡುತ್ತೆ. ಮೈ-ಕೈ ನೋವಿಗೆ ಅಂತ ನಾವು ನುಂಗೋ ಎಷ್ಟೋ ಗುಳಿಗೆಗಳಲ್ಲಿ ಇವುಗಳಲ್ಲಿ ಎರಡು ಒಟ್ಟಿಗೇ ಇರ್ತವೆ. 70 ಕಿಲೋ ಮನುಷ್ಯನಿಗೆ ಮಾಡಿದ ಗುಳಿಗೆ 20 ಕಿಲೋ ನಾಯಿಗೆ ಎಷ್ಟಾಯ್ತು ಲೆಕ್ಕ ಹಾಕ್ರಿ. ಅರ್ಧ ಮಾಡಿ ಕೊಟ್ರೂ ಸರಿಹೋಗೋದಿಲ್ಲ, ಯಾಕಂದ್ರೆ ನಾಯಿ ದೇಹ ಇವನ್ನ ಅರಗಿಸೋ ರೀತಿಯೇ ಬೇರೆ.

ಡೈಕ್ಲೋಫೆನಾಕ್ ಬಗ್ಗೆ ಇನ್ನೊಂದು ಮಾತು. ಈ ಔಷಧ ಕೊಟ್ಟ ದನ ಸತ್ತ ಮೇಲೆ ಅದನ್ನ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯ್ತಿದ್ದವು. ಅದಕ್ಕೇ 2006ರಲ್ಲಿ ಕೇಂದ್ರ ಸರ್ಕಾರ ಪ್ರಾಣಿಗಳಿಗೆ ಇದರ ಬಳಕೆ ನಿಲ್ಲಿಸಿತು. ನಾಯಿಗೆ ಅಂತಲೇ ನೋವಿನ ಔಷಧ ಬೇರೆ ಇವೆ. ತೂಕ ನೋಡಿ, ಎಷ್ಟು ದಿನ ಅಂತ ಪಶುವೈದ್ಯರೇ ಬರೆದುಕೊಡಬೇಕು. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಗುಳಿಗೆಗೂ ಇದೇ ಮಾತು.

ಪಟ್ಟಿ ಕಟ್ಟೋದರಲ್ಲಿ ತಪ್ಪಬಾರದು

ಗೀರಿದ ಗಾಯಕ್ಕೆ ಪಟ್ಟಿ ಬೇಕಾಗಿಲ್ಲ. ಗಾಯ ತೆರೆದಿದ್ರೆ, ಮಣ್ಣು ತಾಗೋ ಹಾಗಿದ್ರೆ ಕಟ್ರಿ. ಬೆರಳ ನಡುವೆ ತೆಳ್ಳಗೆ ಹತ್ತಿ ಇಡಬೇಕು, ಇಲ್ಲಾಂದ್ರೆ ಬೆರಳಿಗೆ ಬೆರಳು ಉಜ್ಜಿ ಹೊಸ ಗಾಯ ಆಗುತ್ತೆ. ಗಾಯದ ಮೇಲೆ ಶುದ್ಧ ಪಟ್ಟಿ ಬಟ್ಟೆ, ಅದರ ಮೇಲೆ ಹತ್ತಿ, ಆಮೇಲೆ ಸುತ್ತು. ಬೆರಳ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗ್ರಿ. ನಡುವಿನ ಎರಡು ಬೆರಳ ಉಗುರು ಹೊರಗೆ ಕಾಣಲಿ. ಪಟ್ಟಿಯ ಮೇಲಂಚಿನಲ್ಲಿ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು.

ದಿನಕ್ಕೆರಡು ಸಲ ಆ ಉಗುರುಗಳನ್ನ ನೋಡ್ರಿ. ಎರಡೂ ಒಂದಕ್ಕೊಂದು ದೂರ ಸರಿದಿದ್ರೆ, ಬೆರಳು ಊದಿ ತಣ್ಣಗಾಗಿದ್ರೆ ಪಟ್ಟಿ ಬಿಗಿಯಾಗಿದೆ ಅಂತ ಅರ್ಥ, ತಕ್ಷಣ ಬಿಚ್ರಿ. ಪಟ್ಟಿಯನ್ನ ದಿನಾ ಬದಲಿಸಬೇಕು, ತೊಯ್ದರೆ ಆಗಲೇ ಬದಲಿಸಬೇಕು. ನಾಯಿಗೆ ಬೆವರು ಬರೋದು ಪಾದದ ಅಡಿಯಲ್ಲಿ, ಹಾಗಾಗಿ ಪಟ್ಟಿ ಒಳಗಿನಿಂದಲೂ ಒದ್ದೆ ಆಗುತ್ತೆ. ಹೊರಗೆ ಒಯ್ಯುವಾಗ ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಬಹುದು. ಮನೆಗೆ ಬಂದ ಕೂಡಲೇ ತೆಗೀರಿ, ಹಾಗೇ ಬಿಟ್ರೆ ಒಳಗೆ ಕೊಳೆಯುತ್ತೆ.

ನೆಕ್ಕೋದು ಔಷಧ ಅಲ್ಲ

ಮೊದಲ ಒಂದೆರಡು ಸಲ ನೆಕ್ಕಿ ಮಣ್ಣು ತೆಗೆಯೋದು ನಿಜ. ಆದರೆ ಗಂಟೆಗಟ್ಟಲೆ ನೆಕ್ಕಿದ್ರೆ ಗಾಯ ಒದ್ದೆಯಾಗೇ ಉಳಿದು ಬಾಯಿಯ ರೋಗಾಣು ಒಳಗೆ ಸೇರುತ್ತೆ. ಕುತ್ತಿಗೆಗೆ ಹಾಕೋ ಕೊಳವೆಯಾಕಾರದ ಪಟ್ಟಿ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತೆ. ಸಿಗದಿದ್ರೆ ಹಳೇ ಪ್ಲಾಸ್ಟಿಕ್ ಬಕೆಟ್‌ನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಕುತ್ತಿಗೆ ಪಟ್ಟಿಗೆ ಕಟ್ಟಬಹುದು. ಊಟ, ನೀರು ಮುಟ್ಟೋ ಹಾಗಿರಲಿ. ಗಾಯ ಮಾಯೋ ತನಕ ಓಟ ಬೇಡ. ಹಗ್ಗ ಹಿಡಿದು ಸ್ವಲ್ಪ ನಡೆಸಿ ತಂದ್ರೆ ಸಾಕು. ಮುಧೋಳ ನಾಯಿಯನ್ನ ಕಟ್ಟಿ ಹಾಕೋದು ಕಷ್ಟ ಹೌದು, ಆದರೆ ನಾಲ್ಕನೇ ದಿನಕ್ಕೆ ಹೊಲಕ್ಕೆ ಬಿಟ್ರೆ ಮತ್ತೆ ಮೊದಲಿನಿಂದ ಶುರು.

ದವಾಖಾನಿಗೆ ಯಾವಾಗ?

ಕೆಳಗಿನ ಯಾವುದಾದ್ರೂ ಒಂದು ಕಂಡ್ರೂ ಮನೆ ಔಷಧ ನಿಲ್ಲಿಸಿ ಪಶು ಆಸ್ಪತ್ರೆಗೆ ಒಯ್ಯಬೇಕು:

- ಎಲುಬು ಕಾಣ್ತಿದೆ, ಬೆರಳು ಸೊಟ್ಟಗಾಗಿದೆ ಅಥವಾ ಜೋತಾಡ್ತಿದೆ
- ಒಂದು ದಿನ ಕಳೆದ್ರೂ ಕಾಲು ನೆಲಕ್ಕೆ ಊರ್ತಿಲ್ಲ
- ಬಾವು ಹೆಚ್ಚಾಗ್ತಿದೆ, ಕೀವು ಬರ್ತಿದೆ, ವಾಸನೆ ಬರ್ತಿದೆ
- ಬೆರಳು ಕಪ್ಪಾಗಿದೆ ಅಥವಾ ತಣ್ಣಗಾಗಿದೆ
- ಊಟ ಬಿಟ್ಟಿದೆ, ಜ್ವರ ಇದೆ. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತೆ, 103 ದಾಟಿದ್ರೆ ತೋರಿಸ್ರಿ
- ಇನ್ನೊಂದು ನಾಯಿ ಕಚ್ಚಿ ಆದ ಗಾಯ
- ಗಾಯದಲ್ಲಿ ಹುಳ ಬಿದ್ದಿದೆ

ಹುಳ ಬಿದ್ದಾಗ ಪೆಟ್ರೋಲ್, ಬೆಳೆಗೆ ಹೊಡೆಯೋ ಕೀಟನಾಶಕ ಹಾಕೋದನ್ನ ಪೂರ್ತಿ ಬಿಡ್ರಿ. ಹುಳದ ಜೊತೆ ನಾಯಿನೂ ಸಾಯಬಹುದು. ಹುಳ ಬೀಳದ ಹಾಗೆ ನೋಡಿಕೊಳ್ಳೋ ದಾರಿ ಒಂದೇ, ಗಾಯದ ಮೇಲೆ ನೊಣ ಕೂರದ ಜಾಗದಲ್ಲಿ ನಾಯಿ ಇಡೋದು.

ವಯಸ್ಸಾದ ನಾಯಿಗೆ ಪೆಟ್ಟು ಬೀಳದೆಯೇ ಒಂದು ಬೆರಳು ಊದಿ, ಎರಡು ಮೂರು ವಾರ ಕಳೆದ್ರೂ ಇಳಿಯದಿದ್ರೆ ಅದು ಗಂಟು ಇರಬಹುದು, ತಡ ಮಾಡಬ್ಯಾಡ್ರಿ. ಬೆರಳು ತೆಗೀಬೇಕು ಅಂತ ಡಾಕ್ಟರ್ ಹೇಳಿದ್ರೂ ಎದೆಗುಂದಬೇಕಾಗಿಲ್ಲ. ಒಂದು ಬೆರಳು ಇಲ್ಲದೆ ಬಹಳಷ್ಟು ನಾಯಿಗಳು ಚೆನ್ನಾಗೇ ನಡೀತಾವೆ. ಮುಧೋಳ ನಾಯಿ ಆಗಿದ್ರೆ ತಳಿ ಯಾವುದು ಅಂತ ಮೊದಲೇ ಹೇಳ್ರಿ. ತೆಳು ಮೈಯ ಬೇಟೆ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧದ ಅಮಲು ಹೆಚ್ಚು ಹೊತ್ತು ಇಳಿಯೋದಿಲ್ಲ.

ತಾಲೂಕು ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ ಅಷ್ಟೇ ಅಲ್ಲ, ನಾಯಿಗೂ ಚಿಕಿತ್ಸೆ ಸಿಗುತ್ತೆ. ದಾರಿ ತಿಳಿಯದಿದ್ರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳ್ರಿ. ಮುಧೋಳ ತಳಿ ಸಾಕೋದರ ಬಗ್ಗೆ ತಿಳಿಯೋಕೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ.

ಅಂಗಡಿ ಮುಂದಿನ ನಾಯಿಗೆ

ಪ್ರತಿ ಅಂಗಡಿ ಮುಂದೆಯೂ ಯಾರದ್ದೂ ಅಲ್ಲದ ಒಂದು ನಾಯಿ ಮಲಗಿರುತ್ತೆ. ಅದು ಕುಂಟಿದ್ರೆ ನೀವಾಗೇ ಕಾಲು ಹಿಡಿಯೋಕೆ ಹೋಗಬ್ಯಾಡ್ರಿ, ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿರೋದಿಲ್ಲ. ನೆರಳು, ನೀರು ಕೊಟ್ಟು, ಕಾಲಿನ ಫೋಟೋ ಮೊಬೈಲ್‌ನಲ್ಲಿ ತೆಗೆದು ಪಶು ಆಸ್ಪತ್ರೆಯಲ್ಲಿ ತೋರಿಸಿ ಕೇಳ್ರಿ. ಗಾಜಿನ ಚೂರನ್ನ ಗಟಾರಕ್ಕೆ ಎಸೆಯದೆ ರಟ್ಟಿನ ಡಬ್ಬಿಯಲ್ಲಿ ಕಟ್ಟಿ ಕಸದ ಗಾಡಿಗೆ ಕೊಟ್ರೆ, ಮಗ್ಗದವರು ತುಂಡು ನೂಲನ್ನ ಚೀಲಕ್ಕೆ ತುಂಬಿದ್ರೆ ಅರ್ಧ ಗಾಯ ಆಗೋದೇ ಇಲ್ಲ.

ಸಾಕಿದ ನಾಯಿಗೆ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸ್ರಿ. ಉಗುರು ನಡೆಯುವಾಗ ನೆಲಕ್ಕೆ ಟಕ್ ಟಕ್ ಅಂದ್ರೆ ಉದ್ದ ಬೆಳೆದಿದೆ ಅಂತ ಅರ್ಥ, ತುದಿಯಷ್ಟೇ ಕತ್ತರಿಸ್ರಿ. ಬೇಸಿಗೆ ಮಧ್ಯಾಹ್ನ ಡಾಂಬರು ರಸ್ತೆ ಮೇಲೆ ಅಂಗೈ ಇಟ್ಟು ನೋಡ್ರಿ, ನಿಮಗೆ ತಡೆಯೋಕಾಗದಿದ್ರೆ ಅದರ ಪಾದಕ್ಕೂ ಆಗೋದಿಲ್ಲ. ಹೊಲದಿಂದ ಬಂದ ಮೇಲೆ ನಾಲ್ಕೂ ಪಾದ ತೊಳೆದು ಸಂದು ನೋಡೋಕೆ ಎರಡು ನಿಮಿಷ ಸಾಕು. ಕಟಾವು ಮುಗಿಯೋ ತನಕ ದಿನಾ ಸಂಜೆ ಇಷ್ಟು ಮಾಡ್ರಿ.