ಕತ್ತರಿ ಇಡುವ ಮುನ್ನ ಒಮ್ಮೆ ಓದಿ: ಹಳೆಯ ಪತ್ರಿಕೆಗಳಿಂದ ಮನೆಗೊಪ್ಪುವ ಕರಕುಶಲ

ಕಾಸರಗೋಡು: ಬೇಸಿಗೆ ರಜೆ ಬಂತೆಂದರೆ ಗಡಿನಾಡಿನ ಕನ್ನಡ ಮನೆಗಳಲ್ಲಿ ಅಟ್ಟ ಗುಡಿಸುವ ಕೆಲಸ ಆರಂಭವಾಗುತ್ತದೆ. ಮಳೆಗಾಲಕ್ಕೆ ಮೊದಲು ಹೆಂಚು ಸರಿಮಾಡಬೇಕು, ಗೆದ್ದಲು ಹಿಡಿದಿದೆಯೇ ನೋಡಬೇಕು. ಆಗ ಹಗ್ಗ ಬಿಗಿದ ಕಟ್ಟುಗಳು ಕೆಳಗಿಳಿಯುತ್ತವೆ. ಸುಧಾ, ತರಂಗ, ಮಯೂರ, ತುಷಾರ, ಕಸ್ತೂರಿ, ಮಕ್ಕಳು ಓದಿ ಮೂಲೆ ಮಡಚಿದ ಚಂದಮಾಮ. ಅಜ್ಜನ ಕಾಲದಿಂದ ಜೋಡಿಸಿಟ್ಟ ಈ ರಾಶಿಯನ್ನು ಗುಜರಿಯವರ ತಕ್ಕಡಿಗೆ ಹಾಕುವುದೋ, ಬಚ್ಚಲ ಒಲೆಗೆ ತುರುಕುವುದೋ ಎಂಬ ಚರ್ಚೆ ಮನೆಯಲ್ಲಿ ನಡೆಯುತ್ತದೆ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಈ ಕಾಗದದಿಂದ ಚೀಲ, ಮಣಿಸರ, ಬುಟ್ಟಿಗಳನ್ನು ಮನೆಯಲ್ಲೇ ತಯಾರಿಸಬಹುದು. ಹೆಚ್ಚು ಖರ್ಚಿಲ್ಲ, ಮಕ್ಕಳ ರಜೆಯೂ ಸಾರ್ಥಕ.

ಈ ಕೆಲಸಕ್ಕೆ ಇಂದು ಪ್ರಯೋಜನವೂ ಇದೆ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ದೇಶದಾದ್ಯಂತ ಇಂಥ ಹಲವು ವಸ್ತುಗಳನ್ನು ನಿಷೇಧಿಸಲಾಯಿತು. ಪ್ಲಾಸ್ಟಿಕ್ ತೊಟ್ಟೆಯ ಬದಲು ಕಾಗದದ ಚೀಲ ಹಿಡಿಯುವುದು ಈಗ ಶೋಕಿಯಲ್ಲ, ಅಗತ್ಯ. ಕೇರಳದ ಶಾಲೆಗಳ ವೃತ್ತಿ ಪರಿಚಯ ಮೇಳದಲ್ಲಿ ಕಾಗದದ ಕರಕುಶಲ, ತ್ಯಾಜ್ಯವಸ್ತುಗಳಿಂದ ಉತ್ಪನ್ನ ತಯಾರಿ ಮುಂತಾದ ಸ್ಪರ್ಧೆಗಳಿವೆ. ಮನೆಯಲ್ಲಿ ಕಲಿತದ್ದು ಅಲ್ಲಿಯೂ ನೆರವಿಗೆ ಬರುತ್ತದೆ.

ಯಾವುದನ್ನು ಕತ್ತರಿಸಬಾರದು?

ಮೊದಲ ಕೆಲಸ ಕತ್ತರಿಯದ್ದಲ್ಲ, ಕಣ್ಣಿನದ್ದು. ಕಸ್ತೂರಿ ಮಾಸಿಕ ಹುಬ್ಬಳ್ಳಿಯಲ್ಲಿ ಆರಂಭವಾದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಸುಧಾ 1965ರಲ್ಲಿ, ಮಯೂರ 1968ರಲ್ಲಿ, ಮಣಿಪಾಲದ ತರಂಗ 1983ರಲ್ಲಿ ಬಂದವು. ರಾಜ್ಯದ ಗಡಿ ಬೇರೆಯಾದರೂ ಈ ನಾಡಿನ ಮನೆಗಳಿಗೆ ಕನ್ನಡವನ್ನು ವಾರ ವಾರ, ತಿಂಗಳು ತಿಂಗಳು ಹೊತ್ತು ತಂದವು ಈ ಪತ್ರಿಕೆಗಳೇ. ಚಂದಮಾಮದ ಪ್ರಕಟಣೆ ನಿಂತುಹೋಗಿದೆ. ಅದರ ಹಳೆಯ ಸಂಚಿಕೆ ಹರಿದರೆ ಹರಿದಂತೆಯೇ, ಮತ್ತೆ ಅಚ್ಚಾಗಿ ಬರುವುದಿಲ್ಲ.

ಆದ್ದರಿಂದ ಕಟ್ಟನ್ನು ಬಿಚ್ಚಿ ಮೂರು ಪಾಲು ಮಾಡಬೇಕು. ದೀಪಾವಳಿ, ಯುಗಾದಿ ವಿಶೇಷಾಂಕಗಳು, ಪತ್ರಿಕೆಯ ಮೊದಲ ವರ್ಷಗಳ ಸಂಚಿಕೆಗಳು, ಊರಿನ ಲೇಖಕರ ಕಥೆ ಕವನ ಇರುವವು, ಮನೆಯ ಹಿರಿಯರು ಅಂಚಿನಲ್ಲಿ ಟಿಪ್ಪಣಿ ಬರೆದವು - ಇವು ಮೊದಲ ಪಾಲು. ಇವನ್ನು ಮುಟ್ಟಬಾರದು. ಮನೆಯಲ್ಲಿ ಇಡಲು ಜಾಗವಿಲ್ಲದಿದ್ದರೆ ಊರಿನ ಗ್ರಂಥಾಲಯಕ್ಕೋ ಕನ್ನಡ ವಿಭಾಗವಿರುವ ಕಾಲೇಜಿಗೋ ಬೇಕೇ ಎಂದು ಕೇಳಿ ಕೊಡಬಹುದು. ಧಾರಾವಾಹಿ, ಅಡುಗೆ ಪುಟ, ಪದಬಂಧ ಇರುವವು ಎರಡನೆಯ ಪಾಲು. ಬೇಕಾದ ಪುಟಗಳನ್ನು ಬಿಡಿಸಿ, ದಿನಾಂಕ ಬರೆದು, ಹೊಲಿದಿಟ್ಟರೆ ಒಂದು ಪುಸ್ತಕವೇ ಆಗುತ್ತದೆ. ಜಾಹೀರಾತು, ಸಿನಿಮಾ ಚಿತ್ರ, ಗೆದ್ದಲು ತಿಂದು ಉಳಿದ ಹಾಳೆ, ಎರಡೆರಡು ಪ್ರತಿಗಳಿರುವ ಸಂಚಿಕೆ ಮೂರನೆಯ ಪಾಲು. ಕತ್ತರಿ ಬೀಳಬೇಕಾದದ್ದು ಇದಕ್ಕೆ ಮಾತ್ರ.

ಕಾಗದದ ಗುಣ ತಿಳಿಯಿರಿ

ಎಲ್ಲ ಹಾಳೆಯೂ ಒಂದೇ ಅಲ್ಲ. ಒಳಪುಟಗಳ ಒರಟು ಕಾಗದ ನೀರನ್ನೂ ಅಂಟನ್ನೂ ಬೇಗ ಹೀರುತ್ತದೆ. ಮರದ ನಾರಿನಲ್ಲಿರುವ ಲಿಗ್ನಿನ್ ಎಂಬ ಅಂಶ ಅದರಲ್ಲಿ ಉಳಿದಿರುವುದರಿಂದ ಬಿಸಿಲಿಗೆ ಹಳದಿಯಾಗುತ್ತದೆ. ಬಣ್ಣದ ಪುಟಗಳ ನುಣುಪು ಕಾಗದಕ್ಕೆ ಸಾಮಾನ್ಯವಾಗಿ ಬಿಳಿ ಜೇಡಿಯಂಥ ಖನಿಜದ ಲೇಪವಿರುತ್ತದೆ. ಅದಕ್ಕೇ ಹೊಳಪು, ಅದಕ್ಕೇ ತೂಕ. ಬಚ್ಚಲ ಒಲೆಯಲ್ಲಿ ಇದು ಚೆನ್ನಾಗಿ ಉರಿಯದೆ ಬೂದಿ ಹೆಚ್ಚು ಮಾಡುವುದೂ ಇದೇ ಕಾರಣಕ್ಕೆ. ಮಣಿ, ಬುಟ್ಟಿಗಳಿಗೆ ನುಣುಪು ಕಾಗದ ಒಳ್ಳೆಯದು. ನೆನೆಸಿ ಅರೆದು ಮುದ್ದೆ ಮಾಡಿ ಮುಖವಾಡ ತಯಾರಿಸಲು ಒರಟು ಕಾಗದವೇ ಲೇಸು.

ಬಟ್ಟೆಗೆ ಎಳೆ ಇದ್ದಂತೆ ಕಾಗದಕ್ಕೂ ನಾರಿನ ದಿಕ್ಕು ಇದೆ. ಒಂದು ಪುಟವನ್ನು ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿದರೆ, ನೇರವಾಗಿ ಹರಿದ ಕಡೆಗೆ ನಾರು ಓಡಿದೆ ಎಂದರ್ಥ. ಆ ದಿಕ್ಕಿನಲ್ಲಿ ಮಡಚಿದರೆ ಮಡಿಕೆ ಚೊಕ್ಕವಾಗಿ ಬರುತ್ತದೆ. ಅಡ್ಡಲಾಗಿ ಮಡಚಿದರೆ ನುಣುಪು ಕಾಗದದ ಲೇಪ ಬಿರಿದು ಬಿಳಿ ಗೆರೆ ಕಾಣುತ್ತದೆ.

ಅಂಟು ಮನೆಯಲ್ಲೇ

ಒಂದು ದೊಡ್ಡ ಚಮಚ ಮೈದಾವನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಲೋಟ ಕುದಿಯುವ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಬೇಕು. ಬಿಳುಪು ಹೋಗಿ ಅಂಟು ಅರೆಪಾರದರ್ಶಕವಾದಾಗ ಇಳಿಸಬೇಕು. ಹುಳ ಬಾರದಂತೆ ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳು ಕೈ ಹಾಕುವ ಅಂಟಿಗೆ ಅದು ಬೇಡ. ಮೈದಾ ಅಂಟನ್ನು ಎರಡು ದಿನಕ್ಕಿಂತ ಹೆಚ್ಚು ಇಡದೆ ಹೊಸದಾಗಿ ಮಾಡಿಕೊಳ್ಳುವುದೇ ಸರಿ. ಬಹುಕಾಲ ಬಾಳಬೇಕಾದ ವಸ್ತುವಿಗೆ ಅಂಗಡಿಯ ಬಿಳಿ ಅಂಟು ಉತ್ತಮ, ಜಿರಲೆಯ ಕಾಟವೂ ಕಡಿಮೆ.

ಮೂರು ಸುಲಭ ವಸ್ತುಗಳು

ಚೀಲ: ನಡುವೆ ಪಿನ್ನು ಹೊಡೆದ ಪತ್ರಿಕೆಯಾದರೆ ಪಿನ್ನು ಬಿಡಿಸಿ ಜೋಡಿ ಹಾಳೆ ತೆಗೆಯಬಹುದು. ಅದನ್ನು ಅಡ್ಡಲಾಗಿ ಹರಡಿ, ಎರಡೂ ಬದಿಗಳನ್ನು ನಡುವಿಗೆ ಮಡಚಿ, ಒಂದರ ಮೇಲೊಂದು ಎರಡು ಸೆಂಟಿಮೀಟರ್ ಬರುವಂತೆ ಅಂಟಿಸಬೇಕು. ಕೆಳಭಾಗವನ್ನು ಸುಮಾರು ಆರು ಸೆಂಟಿಮೀಟರ್ ಮೇಲಕ್ಕೆ ಮಡಚಿ, ಆ ಮಡಿಕೆಯನ್ನು ಬಿಡಿಸಿ, ಎರಡು ಮೂಲೆಗಳನ್ನು ತ್ರಿಕೋನವಾಗಿ ಒಳಕ್ಕೊತ್ತಬೇಕು. ಉಳಿದ ಎರಡು ಅಂಚುಗಳನ್ನು ಒಂದರ ಮೇಲೊಂದು ತಂದು ಅಂಟಿಸಿದರೆ ತಳ ಸಿದ್ಧ. ಒಳಗೆ ರಟ್ಟಿನ ತುಂಡು ಇಟ್ಟರೆ ಬಲ ಬರುತ್ತದೆ. ಬಳೆ, ಮದ್ದಿನ ಪಟ್ಟಿ, ನೂಲಿನ ಉಂಡೆಯಂಥ ಹಗುರ ವಸ್ತುಗಳಿಗೆ ಇದು ಸಾಕು.

ಮಣಿಸರ: ಪುಟವನ್ನು ಬುಡ ಎರಡು ಸೆಂಟಿಮೀಟರ್, ಉದ್ದ 25 ಸೆಂಟಿಮೀಟರ್ ಇರುವ ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಬೇಕು. ಅಗಲದ ತುದಿಯನ್ನು ಹಿಡಿಸೂಡಿ ಕಡ್ಡಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಉಳಿದ ಭಾಗಕ್ಕೆ ತೆಳುವಾಗಿ ಅಂಟು ಸವರಿ, ಚೂಪು ತುದಿ ನಡುವಿಗೇ ಬರುವಂತೆ ಸುತ್ತುತ್ತಾ ಹೋಗಬೇಕು. ಮೊದಲ ಸುತ್ತಿಗೆ ಅಂಟು ತಾಗಿದರೆ ಮಣಿ ಕಡ್ಡಿಗೇ ಹಿಡಿದುಕೊಳ್ಳುತ್ತದೆ. ಕಡ್ಡಿ ಎಳೆದಾಗ ನಡು ಉಬ್ಬಿದ, ತುದಿ ಸಣ್ಣಗಾದ ಮಣಿ ಕೈಗೆ ಬರುತ್ತದೆ. ತ್ರಿಕೋನ ಉದ್ದವಾದಷ್ಟೂ ಮಣಿ ದಪ್ಪ, ಬುಡ ಅಗಲವಾದಷ್ಟೂ ಮಣಿ ಉದ್ದ. ಒಣಗಿದ ಮೇಲೆ ವಾರ್ನಿಷ್ ಎರಡು ಸಲ ಬಳಿದರೆ ಬೆವರಿಗೆ ಬೇಗ ಕರಗದು.

ಪೆನ್ನಿನ ಬುಟ್ಟಿ: ಪುಟವನ್ನು ಮೂಲೆಯಿಂದ ಓರೆಯಾಗಿ ಸೈಕಲ್ ಕಡ್ಡಿಗೆ ಸುತ್ತಿ, ಕೊನೆಯ ಮೂಲೆ ಅಂಟಿಸಿ, ಕಡ್ಡಿ ತೆಗೆದರೆ ಕಾಗದದ ಕೊಳವೆ ಸಿಗುತ್ತದೆ. ದುಂಡಗಿನ ರಟ್ಟಿನ ಸುತ್ತ ಹನ್ನೊಂದು ಕೊಳವೆಗಳನ್ನು ಸಮದೂರದಲ್ಲಿ ಅಂಟಿಸಿ ಮೇಲಕ್ಕೆ ಬಗ್ಗಿಸಬೇಕು. ಇನ್ನೊಂದು ಕೊಳವೆಯನ್ನು ಅವುಗಳ ಒಳಗೊಮ್ಮೆ ಹೊರಗೊಮ್ಮೆ ಹಾಯಿಸುತ್ತಾ ನೇಯಬೇಕು. ಅದು ಮುಗಿದಾಗ ಮುಂದಿನ ಕೊಳವೆಯ ಸಪೂರ ತುದಿಯನ್ನು ಅದರೊಳಗೆ ತುರುಕಿದರಾಯಿತು. ನಿಲ್ಲಿಸಿದ ಕೊಳವೆಗಳು ಬೆಸ ಸಂಖ್ಯೆಯಲ್ಲಿ ಇರಲೇಬೇಕು. ಆಗ ಮಾತ್ರ ಒಂದು ಸುತ್ತಿನಲ್ಲಿ ಹೊರಗೆ ಹೋದದ್ದು ಮರುಸುತ್ತಿನಲ್ಲಿ ಒಳಗೆ ಬರುತ್ತದೆ, ನೇಯ್ಗೆ ಬಿಗಿಯಾಗುತ್ತದೆ. ಸರಿಸಂಖ್ಯೆಯಾದರೆ ಪ್ರತಿ ಸುತ್ತೂ ಒಂದೇ ಜಾಗದಲ್ಲಿ ಬಿದ್ದು ಸಡಿಲಾಗುತ್ತದೆ.

ಎಚ್ಚರ ಬೇಕಾದದ್ದು

ಅಚ್ಚಾದ ಕಾಗದದಲ್ಲಿ ತಿನಿಸು ಕಟ್ಟಬಾರದು. ಮುದ್ರಣದ ಶಾಯಿಯಲ್ಲಿ ಸೀಸದಂಥ ಹಾನಿಕರ ಅಂಶಗಳಿರಬಹುದು. ಬಿಸಿ ಬಜ್ಜಿಯ ಎಣ್ಣೆಗೆ ಅವು ಸೇರಿ ಹೊಟ್ಟೆಗೆ ಹೋಗುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಈ ಎಚ್ಚರಿಕೆ ನೀಡಿತ್ತು. 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ವೃತ್ತಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಲಾಗಿದೆ. ಆದ್ದರಿಂದ ಮನೆಯಲ್ಲಿ ಮಾಡಿದ ಚೀಲಕ್ಕೆ ಚಕ್ಕುಲಿ, ಬುಟ್ಟಿಗೆ ಹೋಳಾದ ಹಣ್ಣು ಹಾಕುವುದು ಬೇಡ. ಸಣ್ಣ ಮಕ್ಕಳು ಮಣಿ ಬಾಯಿಗೆ ಹಾಕದಂತೆ ನೋಡಬೇಕು, ಕೆಲಸ ಮುಗಿದ ಮೇಲೆ ಎಲ್ಲರೂ ಕೈ ತೊಳೆಯಬೇಕು.

ಕರಾವಳಿಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಆಟಿಯ ಮಳೆಯಲ್ಲಿ ಅಂಟು ಹುಳಿಯುತ್ತದೆ, ಕಾಗದ ಬೂಷ್ಟು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಕೆಲಸ ಮುಗಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ವಾರ್ನಿಷ್ ಬಳಿದಿಟ್ಟರೆ ಮಳೆಗಾಲ ದಾಟೀತು. ಉಳಿದ ಚೂರುಗಳನ್ನು ಸುಡದೆ ಗುಜರಿಗೆ ಕೊಟ್ಟರೆ ಅವು ಮತ್ತೆ ಕಾಗದವಾಗುತ್ತವೆ.

ಒಂದು ಪುಟದ ಓದು

ಇಂದು ಮನೆಯಲ್ಲಿ ಕನ್ನಡ ಮಾತನಾಡಿದರೂ ಓದುಬರಹ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ನಡೆಯುವ ಮಕ್ಕಳು ಗಡಿನಾಡಿನಲ್ಲಿ ಬಹಳ. ಅವರ ಕಣ್ಣಿಗೆ ಅಜ್ಜನ ಸಂಚಿಕೆ ಬರಿಯ ಬಣ್ಣದ ಕಾಗದ. ಅದಕ್ಕಾಗಿ ಈ ಕೆಲಸಕ್ಕೆ ಒಂದು ಸಣ್ಣ ನಿಯಮ ಇಟ್ಟುಕೊಂಡರೆ ಚೆನ್ನ: ಕತ್ತರಿಸುವ ಪ್ರತಿ ಪುಟದಿಂದ ಎರಡು ಸಾಲನ್ನಾದರೂ ಮಗು ಗಟ್ಟಿಯಾಗಿ ಓದಬೇಕು, ತಪ್ಪಿದಲ್ಲಿ ಹಿರಿಯರು ತಿದ್ದಬೇಕು. ನಗೆಹನಿ, ಜಾಹೀರಾತಿನ ಸಾಲು, ಚಿತ್ರದ ಅಡಿಬರಹ - ಯಾವುದಾದರೂ ಸರಿ. ಓದುತ್ತಾ ಓದುತ್ತಾ 'ಇದನ್ನು ಕತ್ತರಿಸುವುದು ಬೇಡ' ಎಂದು ಮಗುವೇ ಒಂದು ಪುಟವನ್ನು ಬದಿಗಿಟ್ಟರೆ, ಆ ದಿನ ಬುಟ್ಟಿ ಒಂದು ಸುತ್ತು ಗಿಡ್ಡವಾದರೂ ನಷ್ಟವಿಲ್ಲ.