ಸೋಲಿಗೆ ಅಂಜದ ಅಶ್ವಿನಿ

ಬೀದರ್, ಭಾಲ್ಕಿ, ಔರಾದ್‌ನ ಸಹೋದರಿಯರೇ, ಅಂಗಳದಲ್ಲಿ ಶಟಲ್ ಆಡುವ ಮಗಳನ್ನು 'ಹೆಣ್ಣು ಮಕ್ಕಳಿಗೇಕೆ ಆಟ?' ಎಂದು ಗದರುವ ಮುನ್ನ ಅಶ್ವಿನಿ ಪೊನ್ನಪ್ಪರ ಕಥೆ ಕೇಳಿ.

1989ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಕೊಡವ ಆಟಗಾರ್ತಿ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ಮಹಿಳಾ ಡಬಲ್ಸ್ ಚಿನ್ನ ಗೆದ್ದರು. ಮರುವರ್ಷ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಪಡೆದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರರಲ್ಲಿ ಎರಡು ಪಂದ್ಯ ಗೆದ್ದರೂ ಅಂಕಗಳ ಅಂತರದಿಂದ ಹೊರಬಿದ್ದರು. ಅದೇ ಗುಂಪಿನ ಜಪಾನ್ ಜೋಡಿ ಮುಂದೆ ಬೆಳ್ಳಿ ಗೆದ್ದಿತು! ಎಂಥ ಸಂಕಟವಾಗಿರಬೇಡ? ಆದರೂ ಅಶ್ವಿನಿ ರ‍್ಯಾಕೆಟ್ ಕೆಳಗಿಡಲಿಲ್ಲ. 2024ರಲ್ಲಿ, 34ನೇ ವಯಸ್ಸಿನಲ್ಲಿ, ತನಿಷಾ ಕ್ರಾಸ್ಟೊ ಜೊತೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದರು.

ನಿಮ್ಮ ಮಗಳು ಸೋತು ಬಂದರೆ ಜರೆಯಬೇಡಿ. 'ನಾಳೆ ಮತ್ತೆ ಆಡು' ಎನ್ನಿ.